ಕೀರ್ತನೆ ತೆಲುಗು, ನೆನಪು ಕನ್ನಡ

ರಾಮನವಮಿ ಬಂತೆಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯೂ ಸೇರಿದಂತೆ ಹಳೆಯ ಮೈಸೂರಿನ ಊರುಗಳಲ್ಲಿ ಪಾನಕ, ಕೋಸಂಬರಿಯ ಜೊತೆಗೆ ಸಂಗೀತವೂ ಇರುವುದು ವಾಡಿಕೆ. ಇಂಥ ಕಚೇರಿಗಳಲ್ಲಿ ಶ್ರೋತೃಗಳು ಬಯಸಿ ಕೇಳುವ ಕೀರ್ತನೆಗಳಲ್ಲಿ ಖಮಾಚ್ ರಾಗದ ‘ಬ್ರೋಚೇವಾರೆವರುರಾ’ ಒಂದು. ಭಾಷೆ ತೆಲುಗು, ಮೊರೆ ರಾಮನಿಗೆ. ಹಾಗಾಗಿ ಅದು ತ್ಯಾಗರಾಜರದೇ ಎಂದು ನಂಬಿದವರು ಬಹಳ. 1980ರಲ್ಲಿ ತೆರೆಕಂಡ ‘ಶಂಕರಾಭರಣಂ’ ಚಿತ್ರ ಈ ಕೀರ್ತನೆಯನ್ನು ಶಾಸ್ತ್ರೀಯ ಸಂಗೀತದ ಪರಿಚಯವಿಲ್ಲದವರ ಬಾಯಿಗೂ ತಂದಿತು. ರಚಿಸಿದವರ ಹೆಸರು ಮಾತ್ರ ಅಷ್ಟು ದೂರ ಹೋಗಲಿಲ್ಲ.

ಅವರು ಮೈಸೂರಿನ ಕೆ. ವಾಸುದೇವಾಚಾರ್ಯರು. 1865ರ ಮೇ 28ರಂದು ಮೈಸೂರಿನ ಮಾಧ್ವ ಕುಟುಂಬವೊಂದರಲ್ಲಿ ಹುಟ್ಟಿದ ಅವರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡರು. ತಾತನ ಆಶ್ರಯದಲ್ಲಿ ಬೆಳೆದು ಸಂಸ್ಕೃತ ಕಲಿತರು. ಸಂಗೀತದ ಮೊದಲ ಪಾಠಗಳಾದದ್ದು ವೀಣೆ ಪದ್ಮನಾಭಯ್ಯನವರಲ್ಲಿ. ಹುಡುಗನ ಆಸಕ್ತಿ ಚಾಮರಾಜ ಒಡೆಯರ ಗಮನಕ್ಕೆ ಬಂದು, ಅರಮನೆಯ ನೆರವಿನಿಂದ ಅವರು ಕಾವೇರಿ ತೀರದ ತಿರುವಯ್ಯಾರಿಗೆ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಶಿಷ್ಯರಾಗಿ ಹೋದರು. ಮರಳಿ ಬಂದು ಆಸ್ಥಾನ ವಿದ್ವಾಂಸರಾದರು. ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರು, ಜಯಚಾಮರಾಜ ಒಡೆಯರು, ಹೀಗೆ ಮೂವರು ಅರಸರ ಕಾಲವನ್ನು ಕಂಡರು.

ಕನ್ನಡ ನಾಡಿನ ಅರಮನೆಯ ವಿದ್ವಾಂಸರು ರಚಿಸಿದ ಇನ್ನೂರಕ್ಕೂ ಹೆಚ್ಚು ಕೃತಿಗಳಲ್ಲಿ ಬಹುಪಾಲು ತೆಲುಗು ಮತ್ತು ಸಂಸ್ಕೃತದಲ್ಲಿವೆ. ಪುರಂದರದಾಸರ ನಾಡಿನಲ್ಲಿ, ಅದೂ ಮಾಧ್ವ ಮನೆತನದಲ್ಲಿ ಹುಟ್ಟಿದವರು ಹೀಗೇಕೆ ಮಾಡಿದರು? ಈ ಪ್ರಶ್ನೆ ಕನ್ನಡಿಗರನ್ನು ಕಾಡುವುದು ಸಹಜವೇ.

ಉತ್ತರ ಗುರುಪರಂಪರೆಯಲ್ಲಿದೆ. ತ್ಯಾಗರಾಜರ ಶಿಷ್ಯರು ಮಾನಂಬುಚಾವಡಿ ವೆಂಕಟಸುಬ್ಬಯ್ಯರ್. ಅವರ ಶಿಷ್ಯರು ಪಟ್ಣಂ. ಪಟ್ಣಂ ಅವರ ಶಿಷ್ಯರು ವಾಸುದೇವಾಚಾರ್ಯರು. ಪಟ್ಣಂ ಅವರದು ತಮಿಳು ನಾಡು. ಆದರೂ ಅವರ ರಚನೆಗಳು ಹೆಚ್ಚಾಗಿ ತೆಲುಗಿನಲ್ಲಿವೆ. ತಂಜಾವೂರಿನ ಆಸ್ಥಾನದ ಕಾಲದಿಂದಲೂ ದಕ್ಷಿಣದ ಸಂಗೀತಗಾರರಿಗೆ ತೆಲುಗು ಒಂದು ಪ್ರಾಂತದ ಭಾಷೆಯಾಗಿರಲಿಲ್ಲ, ಕಸುಬಿನ ಭಾಷೆಯಾಗಿತ್ತು. ಸ್ವರದಲ್ಲಿ ಕೊನೆಗೊಳ್ಳುವ ಅದರ ಪದಗಳು ರಾಗದ ಎಳೆತಕ್ಕೆ ಒಗ್ಗುತ್ತವೆ ಎಂಬ ಸಮರ್ಥನೆಯೂ ಉಂಟು. ಆ ಗುಣ ಕನ್ನಡಕ್ಕೂ ಇದೆಯಲ್ಲ ಎಂದರೆ ಸಮರ್ಥನೆ ಸ್ವಲ್ಪ ಸಡಿಲವಾಗುತ್ತದೆ! ಅದೇ ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರು ದೇವರನಾಮಗಳನ್ನು ಕಚೇರಿಯ ವೇದಿಕೆಗೆ ತಂದು ಗೆದ್ದಿದ್ದರು. ತಮಿಳರು ತಮ್ಮ ಭಾಷೆಯ ಹಾಡುಗಳಿಗಾಗಿ 1943ರಲ್ಲಿ ಮದರಾಸಿನಲ್ಲಿ ತಮಿಳ್ ಇಸೈ ಸಂಗಂ ಕಟ್ಟಿದರು. ಮೈಸೂರಿನ ಕಚೇರಿಗಳಲ್ಲಿ ಅಂಥ ಚಳವಳಿ ನಡೆಯಲಿಲ್ಲ.

ಭಾಷೆಯ ಮಾತು ಹಾಗಿರಲಿ, ಸಂಗೀತದಲ್ಲಿ ಅವರ ರಚನೆಗಳು ಗೆದ್ದದ್ದು ಸರಳತೆಯಿಂದ. ಹಿಂದೋಳದ ‘ಮಾಮವತು ಶ್ರೀ ಸರಸ್ವತಿ’, ಅಭೇರಿಯ ‘ಭಜರೇ ಮಾನಸ’ ಆರಂಭದಲ್ಲಿಯೇ ರಾಗದ ಮುಖ ತೋರಿಸುತ್ತವೆ. ‘ಬ್ರೋಚೇವಾರೆವರುರಾ’ದ ಚಿಟ್ಟೆಸ್ವರವಂತೂ ಸಾಹಿತ್ಯದ ಅರ್ಥ ತಿಳಿಯದವರನ್ನೂ ತಾಳ ಹಾಕಿಸುತ್ತದೆ. ಇನ್ನು ಅವರ ಅಂಕಿತ ‘ವಾಸುದೇವ’. ಅದು ದೇವರ ಹೆಸರೂ ಹೌದಾದ್ದರಿಂದ, ಚರಣದಲ್ಲಿ ಅದು ಬಂದಾಗ ಸ್ತುತಿಯೆಂದೇ ಕೇಳಿಸುತ್ತದೆ. ಕರ್ತೃ ತನ್ನ ಹಾಡಿನಲ್ಲಿಯೇ ಮರೆಯಾಗಲು ಇದೂ ಒಂದು ಕಾರಣವಿರಬಹುದು.

ಗೌರವಗಳಿಗೆ ಕೊರತೆಯಾಗಲಿಲ್ಲ. 1935ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಮ್ಮೇಳನಾಧ್ಯಕ್ಷತೆ, 1954ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1959ರಲ್ಲಿ ಪದ್ಮಭೂಷಣ ಬಂದವು. ಇವೆಲ್ಲಕ್ಕಿಂತ ಅಚ್ಚರಿಯ ಸಂಗತಿ ಬೇರೆ. ಎಂಬತ್ತು ದಾಟಿದ ಮೇಲೆ ಅವರು ರುಕ್ಮಿಣಿ ದೇವಿಯವರ ಕರೆಗೆ ಓಗೊಟ್ಟು ಮದರಾಸಿನ ಕಲಾಕ್ಷೇತ್ರಕ್ಕೆ ಹೋದರು. ವಾಲ್ಮೀಕಿ ರಾಮಾಯಣದ ನೃತ್ಯನಾಟಕಗಳಿಗೆ ಸಂಗೀತ ಕಟ್ಟತೊಡಗಿದರು. ಮೊದಲನೆಯದಾದ ‘ಸೀತಾ ಸ್ವಯಂವರಂ’ 1955ರಲ್ಲಿ ರಂಗಕ್ಕೆ ಬಂತು.

ಅದೇ 1955ರಲ್ಲಿ ಅವರ ಕನ್ನಡ ಪುಸ್ತಕ ‘ನಾ ಕಂಡ ಕಲಾವಿದರು’ ಹೊರಬಂತು. ಅದಕ್ಕೆ ಎರಡು ವರ್ಷ ಮುಂಚೆಯಷ್ಟೇ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಪ್ರಕಟವಾಗಿತ್ತು. ಸಂಸ್ಕೃತದ ಕಾವ್ಯಶಾಸ್ತ್ರವನ್ನು ಕನ್ನಡದಲ್ಲಿ ಚರ್ಚಿಸಬಹುದೆಂದು ತೀನಂಶ್ರೀ ತೋರಿಸಿದ್ದರು. ವಾಸುದೇವಾಚಾರ್ಯರು ಶಾಸ್ತ್ರ ಬರೆಯಹೋಗಲಿಲ್ಲ. ತಾವು ಕೇಳಿದ, ಒಡನಾಡಿದ ವಿದ್ವಾಂಸರ ಗುಣ, ಸಿಟ್ಟು, ಔದಾರ್ಯಗಳನ್ನು ಮನೆಯಲ್ಲಿ ಕುಳಿತು ಹೇಳುವಂತೆ ಹೇಳಿದರು. ಹಾಡಿಗೆ ಒದಗದ ಕನ್ನಡ ಅವರ ನೆನಪಿಗೆ ಸಲೀಸಾಗಿ ಒದಗಿತು.

ಆ ನೆನಪಿನ ಬೆಲೆ ಸಣ್ಣದಲ್ಲ. ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ತೀರಿಕೊಂಡದ್ದು 1902ರ ಜುಲೈನಲ್ಲಿ. ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಗೆ ಬಂದು ಭಾರತದ ಸಂಗೀತಗಾರರ ಧ್ವನಿಯನ್ನು ತಟ್ಟೆಗಳಿಗೆ ಹಿಡಿಯತೊಡಗಿದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಆ ಗುರುವಿನ ಕಾಲದ ಕಚೇರಿಗಳು ಹೇಗಿದ್ದುವೆಂದು ತಿಳಿಯಬೇಕಾದರೆ ಶಿಷ್ಯನ ಕನ್ನಡವನ್ನು ಓದಬೇಕು.

ವಾಸುದೇವಾಚಾರ್ಯರು 1961ರ ಮೇ 17ರಂದು, ತೊಂಬತ್ತಾರು ತುಂಬಲು ಹನ್ನೊಂದು ದಿನವಿರುವಾಗ ನಿಧನರಾದರು. ರಾಮಾಯಣ ಆಗ ಇನ್ನೂ ಮುಗಿದಿರಲಿಲ್ಲ. ಉಳಿದ ಭಾಗಗಳಿಗೆ ಸಂಗೀತ ಕಟ್ಟಿ ಪೂರೈಸಿದವರು ಅವರಲ್ಲಿಯೇ ಕಲಿತ ಮೊಮ್ಮಗ ಎಸ್. ರಾಜಾರಾಂ.