ಅಂಗಡಿಯ ಹಬ್ಬವೂ ಓದುಗರ ಖಾತೆಯೂ

ಗಿರಾಕಿಗಳನ್ನು ವರ್ಷಕ್ಕೊಮ್ಮೆ ಅಂಗಡಿಗೆ ಕರೆದು ಸತ್ಕರಿಸುವದು ಹೊಸ ಕಾಲದ ವ್ಯಾಪಾರದ ಯುಕ್ತಿಯೆಂದು ಹಲವರ ತಿಳುವಳಿಕೆಯುಂಟು. ಅಮೇರಿಕೆಯಲ್ಲಿ ಚಿತ್ರಕಥೆಯ ಪುಸ್ತಕಗಳನ್ನು ಮಾರುವ ಅಂಗಡಿಕಾರರು 2002ನೆಯ ಇಸ್ವಿಯ ಮೇ 4ರಂದು ಆರಂಭಿಸಿದ ಉಚಿತ ಪುಸ್ತಕದ ದಿನವನ್ನು ಇದಕ್ಕೆ ನಿದರ್ಶನವಾಗಿ ತೋರಿಸುವರು. ಆದರೆ ಈ ಬಗೆಯ ಹಬ್ಬವನ್ನು ನಮ್ಮ ಹುಬ್ಬಳ್ಳಿ-ಧಾರವಾಡಗಳ ಪೇಟೆಗಳು ಪರರಿಂದ ಕಲಿಯಬೇಕಾಗಿರಲಿಲ್ಲ. ದೀಪಾವಳಿಯ ಅಂಗಡಿ ಪೂಜೆಯ ರೂಪದಲ್ಲಿ ಅದು ಇಲ್ಲಿ ಹಿಂದಿನಿಂದಲೂ ನಡೆದು ಬಂದಿದೆ. ಪುಸ್ತಕದಂಗಡಿಯ ಮಟ್ಟಿಗೆ ಮಾತ್ರ ಈ ಹಬ್ಬವು ಬೇರೊಂದು ಹಾದಿಯನ್ನು ಹಿಡಿಯಿತು. ಅದು ಹೇಗೆಂಬುದನ್ನು ವಾಚಕರ ಮುಂದಿಡಬೇಕೆಂದು ಈ ಬರಹ.

ನಮ್ಮ ಕಡೆಗೆ ವರ್ಷಾರಂಭಗಳು ಎರಡು. ಪಂಚಾಂಗದ ವರ್ಷವು ಯುಗಾದಿಗೆ ಹುಟ್ಟುವದು. ವ್ಯಾಪಾರಿಯ ವರ್ಷವಾದರೋ ಕಾರ್ತಿಕ ಶುದ್ಧ ಪಾಡ್ಯಕ್ಕೆ. ಹುಬ್ಬಳ್ಳಿಯ ಪೇಟೆಯಲ್ಲಿ ನಾಡವರಾದ ವರ್ತಕರೊಡನೆ ಗುಜರಾಥಿ, ಮಾರವಾಡಿ ವರ್ತಕರೂ ಬಂದು ನೆಲೆಸಿದುದರಿಂದಲೂ, 1956ರ ವರೆಗೆ ಈ ಪ್ರಾಂತವು ಮುಂಬಯಿಗೆ ಸೇರಿದ್ದುದರಿಂದಲೂ ಈ ಎರಡನೆಯ ವರ್ಷಾರಂಭಕ್ಕೆ ಇಲ್ಲಿ ಬಲ ಹೆಚ್ಚು. ಮಳೆಗಾಲ ಮುಗಿದು ದಾರಿಗಳು ತೆರೆದಿರುವವು, ಮುಂಗಾರಿಯ ಕಾಳುಕಡಿ ಪೇಟೆಗೆ ಇಳಿದಿರುವದು, ಹತ್ತಿಯ ಸುಗ್ಗಿಯು ಇನ್ನೂ ಮುಂದಿರುವದು. ಹಳೆಯ ಬಾಕಿಯನ್ನು ಎಣಿಸಿ ಹೊಸ ಮುಂಗಡಕ್ಕೆ ಕೈಯಿಡಲು ಇದಕ್ಕಿಂತ ತಕ್ಕ ಕಾಲವಿಲ್ಲ.

ಅಮಾವಾಸ್ಯೆಯ ಸಂಜೆಗೆ ಅಂಗಡಿಯ ಬಾಗಿಲಿಗೆ ಬಾಳೆಯ ಕಂಬ, ಕಬ್ಬು, ಚೆಂಡುಹೂವಿನ ಸರ. ಒಳಗೆ ಬಿಳಿಯ ಹಾಸಿಗೆ. ಲಕ್ಷ್ಮಿಯ ಪಟದ ಮುಂದೆ ತಕ್ಕಡಿ, ತಿಜೋರಿಯ ಕೀಲಿ, ಲೆಕ್ಕಣಿಕೆ, ಹೊಸ ಕೀರ್ದಿ ಖತಾವಣಿಗಳು. ವಹಿಯ ಮೊದಲನೆಯ ಪುಟದ ಮೇಲೆ ಕುಂಕುಮದಿಂದ ಸ್ವಸ್ತಿಕವನ್ನು ಬರೆದು, ಶ್ರೀಕಾರ ಹಾಕಿ, ಶುಭ ಲಾಭವೆಂದು ಎರಡು ಮಗ್ಗಲಿಗೆ ಬರೆಯುವರು. ಪೂಜೆಯಾದ ಮೇಲೆ ಗಿರಾಕಿಗಳು ಮನೆಮಂದಿಯೊಡನೆ ಬರುವರು. ಅವರಿಗೆ ಅತ್ತರು, ಪನ್ನೀರು, ಪಾನಸುಪಾರಿ. ಮಕ್ಕಳಿಗೆ ಚುರಮುರಿ, ಬೆಂಡು ಬತ್ತಾಸು. ಪೇಢೆಯ ಊರಾದ ಧಾರವಾಡದಲ್ಲಿ ಪೇಢೆಯನ್ನು ಬಿಟ್ಟು ಯಾವ ಸತ್ಕಾರವೂ ಮುಗಿಯುವದಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಈ ಪಾನಸುಪಾರಿಯನ್ನು ಬರಿಯ ಔದಾರ್ಯವೆಂದು ತಿಳಿಯಲಾಗದು. ವರ್ಷದುದ್ದಕ್ಕೂ ಉದ್ರಿ ಒಯ್ದ ಗಿರಾಕಿಯು ಹಬ್ಬದ ಮೊದಲು ಬಾಕಿಯನ್ನು ತೀರಿಸಬೇಕು, ಇಲ್ಲವೆ ಒಂದಿಷ್ಟನ್ನಾದರೂ ಕೊಟ್ಟು ಉಳಿದುದನ್ನು ಹೊಸ ಪುಟಕ್ಕೆ ಬರೆಯಿಸಬೇಕು. ತೀರಿಸದವನಿಗೆ ಆ ಹಾಸಿಗೆಯ ಮೇಲೆ ಕೂತು ವೀಳ್ಯವನ್ನು ಮೆಲ್ಲುವದು ಸುಲಭವಲ್ಲ. ಹಾಗೆಯೇ, ಕರೆಯದೆ ಬಿಟ್ಟರೆ ಅದು ಗಿರಾಕಿಗೆ ಅಪಮಾನ. ಮರುದಿನದಿಂದ ಆತನು ಎದುರಿನ ಅಂಗಡಿಯ ಮೆಟ್ಟಲು ಹತ್ತುವನು. ಮಾನವನ್ನು ಒತ್ತೆಯಿಟ್ಟು ನಡೆಯುವ ವ್ಯವಹಾರಕ್ಕೆ ವರ್ಷಕ್ಕೊಮ್ಮೆ ಇಂಥ ಸಾಕ್ಷಿಯ ಸಭೆಯು ಬೇಕಾಗಿದ್ದಿತು.

ಪುಸ್ತಕದಂಗಡಿಯವನು ಈ ಮೇಳದಲ್ಲಿ ಬಡವನೇ. ಆತನ ಸುಗ್ಗಿಯು ಜೂನ್ ತಿಂಗಳದ್ದು; ಸಾಲೆ ತೆರೆದಾಗ ಪಠ್ಯಪುಸ್ತಕ, ಪಾಟಿ, ಪೆನ್ಸಿಲುಗಳ ನೂಕುನುಗ್ಗಲು. ನವರಾತ್ರಿಯಲ್ಲಿ ಸರಸ್ವತಿಯ ಪೂಜೆಯೇನೋ ಉಂಟು, ಆದರೆ ಅಂದು ಪುಸ್ತಕಗಳನ್ನು ಪೂಜಿಸತಕ್ಕದ್ದು, ಓದತಕ್ಕದ್ದಲ್ಲ! ದೀಪಾವಳಿಯಲ್ಲಿ ಆತನಿಗೆ ದೊರೆತ ಪಾಲೆಂದರೆ ವಿಶೇಷಾಂಕಗಳು. ಮುಂಬಯಿಯ ಮರಾಠಿ ಮಾಸಿಕ ಮನೋರಂಜನವು 1909ರಲ್ಲಿ ತೆಗೆದ ದೀಪಾವಳಿಯ ಸಂಚಿಕೆಯಿಂದ ಈ ವಾಡಿಕೆಯು ಬಲಿಯಿತು, ಕನ್ನಡದಲ್ಲಿಯೂ ಬೇರೂರಿತು. 1921ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ಮವೀರದ ದೀಪಾವಳಿ ಸಂಚಿಕೆಯು ಫರಾಳದ ತಾಟಿನಷ್ಟೇ ಹಬ್ಬದ ಅಂಗವಾಗಿ ಹಲವು ಮನೆಗಳನ್ನು ಸೇರಿತು.

ಓದುಗರ ನಿಜವಾದ ಹಬ್ಬವನ್ನು ಕಟ್ಟಿದವರು ಅಂಗಡಿಕಾರರಲ್ಲ, ಕವಿಗಳು. ದ. ರಾ. ಬೇಂದ್ರೆಯವರೂ ಅವರ ಗೆಳೆಯರ ಗುಂಪಿನವರೂ ಇಪ್ಪತ್ತರ ದಶಕದಲ್ಲಿ ನವರಾತ್ರಿಯ ದಿನಗಳನ್ನು ನಾಡಹಬ್ಬವನ್ನಾಗಿ ಮಾಡಿ, ದೇವಿಯ ಪೂಜೆಗೆ ಭಾಷೆಯ ಪೂಜೆಯನ್ನು ಜೋಡಿಸಿದರು. ಅದೇ ಬಳಗದ ಬೆಂಬಲದಿಂದ 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಸ್ಥಾಪಿಸಿದರು. ಇದರ ಕ್ರಮವು ನೋಡಲು ಸರಳವಾದದ್ದು: ಓದುಗನು ವರ್ಷದ ವರ್ಗಣಿಯನ್ನು ಮೊದಲೇ ಕೊಡುವನು, ಮಾಲೆಯವರು ವರ್ಷದಲ್ಲಿ ಅಚ್ಚಾದ ಪುಸ್ತಕಗಳನ್ನು ಆತನಿಗೆ ಮುಟ್ಟಿಸುವರು. ಆದರೆ ಪೇಟೆಯ ಲೆಕ್ಕವು ಇಲ್ಲಿ ತಲೆಕೆಳಗಾಯಿತೆಂಬುದನ್ನು ಗಮನಿಸಬೇಕು. ಅರಿವೆಯ ಅಂಗಡಿಯಲ್ಲಿ ಗಿರಾಕಿಯು ಸಾಲಗಾರ. ಇಲ್ಲಿ ಗಿರಾಕಿಯೇ ಸಾಹುಕಾರ, ಅಂಗಡಿಯವನೇ ಸಾಲಗಾರ. ಅವನ ಸಾಲವು ತೀರತಕ್ಕದ್ದು ಪುಸ್ತಕದಿಂದ.

ಈ ಉದ್ರಿಯು ಬರಿಯ ಹಣದ್ದಾಗಿರಲಿಲ್ಲ, ನಂಬಿಕೆಯದು. ಮುಂದೆ ಬರುವ ಪುಸ್ತಕವು ಎಂಥದೆಂದು ತಿಳಿಯದೆಯೇ ವರ್ಗಣಿದಾರನು ರೊಕ್ಕವನ್ನು ಕೊಟ್ಟಿರುವನು. ಅಂಗಡಿಯಲ್ಲಿ ಆರಿಸಿ ಕೊಳ್ಳುವವನು ತಾನು ಬಲ್ಲ ಹೆಸರನ್ನೇ ಆರಿಸುವನು; ಈ ಕ್ರಮದಲ್ಲಿ ಆತನು ಕೇಳಿರದ ಹೆಸರುಗಳೂ ಮನೆಯೊಳಗೆ ಬರಲು ಎಡೆಯಾಯಿತು. 1961ರಲ್ಲಿ ಗಿರೀಶ ಕಾರ್ನಾಡರ ಮೊದಲ ನಾಟಕವಾದ ಯಯಾತಿಯನ್ನು ಮಾಲೆಯು ಪ್ರಕಟಿಸಿದಾಗ ಲೇಖಕನು ಇಪ್ಪತ್ತಮೂರರ ತರುಣ. ಇಂಥವನ ಪುಸ್ತಕವನ್ನು ಅಚ್ಚಿಗೆ ಹಾಕುವ ಧೈರ್ಯದ ಹಿಂದೆ ವರ್ಗಣಿದಾರರ ಪಟ್ಟಿಯ ಬಲವೂ ಇದ್ದಿತೆಂದು ನನ್ನ ಎಣಿಕೆ. ಸುಭಾಸ ರಸ್ತೆಯ ಆ ಅಟ್ಟದ ಮೇಲೆ ಲೇಖಕರೂ ಓದುಗರೂ ಹರಟುತ್ತ ಕೂಡುತ್ತಿದ್ದುದು ಈಗ ಸಾಹಿತ್ಯದ ಇತಿಹಾಸಕ್ಕೆ ಸೇರಿದ ಸಂಗತಿ. ಇಪ್ಪತ್ತೈದು ವರ್ಷ ತುಂಬಿದುದರ ನೆನಪಿಗೆ ಮಾಲೆಯು ತಂದ ಕಾಣಿಕೆಯಾದರೂ ಎಂಥದು? ಕೀರ್ತಿನಾಥ ಕುರ್ತಕೋಟಿಯವರ ನಡೆದು ಬಂದ ದಾರಿಯ ಸಂಪುಟಗಳು. ಅಂಗಡಿಯ ಉತ್ಸವಕ್ಕೆ ಇಷ್ಟು ಭಾರದ ತಾಂಬೂಲವನ್ನು ಮತ್ತಾರು ಕೊಟ್ಟಾರು!

ಇತ್ತ ಪೇಟೆಯ ಹಬ್ಬಕ್ಕೆ ಒಂದು ಪೆಟ್ಟು ಬಿದ್ದಿತು. ಆದಾಯ ಕರದ ಕಾಯಿದೆಗೆ 1987ರಲ್ಲಿ ಆದ ತಿದ್ದುಪಡಿಯ ಮೇರೆಗೆ, 1989ರಿಂದ ಕರದ ಲೆಕ್ಕಕ್ಕೆ ಎಪ್ರಿಲದಿಂದ ಮಾರ್ಚದ ವರೆಗಿನ ವರ್ಷವೊಂದೇ ಎಲ್ಲರಿಗೂ ಕಡ್ಡಾಯವಾಯಿತು. ಅದಕ್ಕೂ ಮೊದಲು ದೀಪಾವಳಿಯ ವರ್ಷವನ್ನೇ ಇಟ್ಟುಕೊಳ್ಳಲು ವ್ಯಾಪಾರಿಗೆ ಆಸ್ಪದವಿದ್ದಿತು. ಪೂಜೆ ಉಳಿಯಿತು, ಕಬ್ಬು ಬತ್ತಾಸುಗಳು ಉಳಿದವು. ಆದರೆ ಪೂಜೆಗೆ ಇಟ್ಟ ವಹಿಯಲ್ಲಿ ವರ್ಷದ ಲೆಕ್ಕವು ಆರಂಭವಾಗುವದು ನಿಂತಿತು. ಗಿರಾಕಿಯನ್ನು ಕರೆಯುವ ಕಾರಣವು ಸಡಿಲಾದ ಮೇಲೆ ಆ ಸ್ಥಳಕ್ಕೆ ಶೇಕಡಾ ಇಷ್ಟು ಸೋಡಿಯೆಂಬ ಹಲಗೆಯು ಬಂದು ನಿಂತಿದೆ. ಸೋಡಿಯು ಹೆಸರು ಕೇಳುವದಿಲ್ಲ, ಕೂತುಕೊಳ್ಳಿರೆಂದು ಹೇಳುವದಿಲ್ಲ. ಪುಸ್ತಕದಂಗಡಿಗಳಿಗಂತೂ ಈ ಸ್ಪರ್ಧೆಯು ಪ್ರಾಣಸಂಕಟವೇ ಸರಿ. ಹೆಚ್ಚು ಸೋಡಿ ಕೊಡಬಲ್ಲವನು ಯಾವಾಗಲೂ ಬೇರೊಬ್ಬನಿರುವನು.

ಮೊದಲು ಹೇಳಿದ ಅಮೇರಿಕೆಯ ಹಬ್ಬವನ್ನು ಈ ಬೆಳಕಿನಲ್ಲಿ ನೋಡಬೇಕು. ಅಲ್ಲಿಯ ಚಿತ್ರಕಥೆಯ ಅಂಗಡಿಗಳು 1970ರ ದಶಕದಿಂದ ಬೆಳೆದು ಬಂದ ಪದ್ಧತಿಯಂತೆ ಮಾಲನ್ನು ಮರಳಿಸುವ ಹಕ್ಕಿಲ್ಲದೆ ಕೊಳ್ಳುವವು. ಮಾರದೆ ಉಳಿದದ್ದು ಅಂಗಡಿಯವನ ತಲೆಯ ಮೇಲೆಯೇ. ಆದುದರಿಂದ ಪ್ರತಿ ತಿಂಗಳು ಬರುವ ಓದುಗರ ಬೇಡಿಕೆಯ ಪಟ್ಟಿಯೇ ಅವನ ಜೀವಾಳ. ಕ್ಯಾಲಿಫೋರ್ನಿಯಾದ ಕಾಂಕರ್ಡ್ ಎಂಬ ಊರಿನ ಅಂಗಡಿಕಾರನಾದ ಜೋ ಫೀಲ್ಡನು, ತನ್ನ ನೆರೆಯ ಐಸ್ ಕ್ರೀಮಿನ ಅಂಗಡಿಯು ಪುಕ್ಕಟೆ ಹಂಚಿದ ದಿನ ಜನರ ಸಾಲು ನಿಂತುದನ್ನು ಕಂಡು ಈ ದಿನವನ್ನು ಕಲ್ಪಿಸಿದನು. ಓದುಗರಿಗೆ ಪುಕ್ಕಟೆಯಾದ ಆ ಪುಸ್ತಕಗಳು ಅಂಗಡಿಯವನಿಗೆ ಪುಕ್ಕಟೆಯಲ್ಲ. ಅವುಗಳಿಗಾಗಿ ಅಲ್ಪವಾದರೂ ಬೆಲೆಯನ್ನು ಆತನೇ ತೆರುವನು. ನಮ್ಮ ಬತ್ತಾಸಿನ ವೆಚ್ಚವೂ ಹೀಗೆಯೇ ಅಲ್ಲವೇ?

ಚಿತ್ರಕಥೆಯು ನಮಗೆ ಹೊರಗಿನದೆಂದು ಮೂಗು ಮುರಿಯುವವರು ಒಂದು ಮಾತನ್ನು ನೆನೆಯಬೇಕು. ಅಮರ ಚಿತ್ರಕಥೆಯೆಂಬ ಹೆಸರು ಕಾರ್ಕಳದವರಾದ ಅನಂತ ಪೈ ಅವರ ಸಂಪಾದಕತ್ವದಲ್ಲಿ 1967ರ ತರುವಾಯ ದೇಶವ್ಯಾಪಿಯಾಯಿತು. ಅದಕ್ಕೂ ಮೊದಲು, 1965ರಲ್ಲಿಯೇ, ಇಂಡಿಯಾ ಬುಕ್ ಹೌಸಿನ ಬೆಂಗಳೂರಿನ ಜಿ. ಕೆ. ಅನಂತರಾಮರ ಯತ್ನದಿಂದ ಪಾಶ್ಚಾತ್ಯ ಬಾಲಕಥೆಗಳ ಚಿತ್ರರೂಪವು ಕನ್ನಡದಲ್ಲಿ ಹೊರಬಿದ್ದಿತ್ತು. ಕೃಷ್ಣನ ಕಥೆಗೆ ಮಾಲೆಯಲ್ಲಿ ಹನ್ನೊಂದನೆಯ ಸಂಖ್ಯೆಯು ಬಿದ್ದುದು ಆ ಮೊದಲಿನ ಹತ್ತು ಕಥೆಗಳ ದೆಸೆಯಿಂದ.

ಅಂಗಡಿ ಪೂಜೆಯ ಸಂಜೆಗೆ ತಂದೆಯ ಬೆರಳು ಹಿಡಿದು ಬರುವ ಮಗುವಿಗೆ ಖತಾವಣಿಯ ಗೊಡವೆಯಿಲ್ಲ. ಅದರ ಕಣ್ಣು ಬತ್ತಾಸಿನ ಪೊಟ್ಟಣದ ಮೇಲೆ. ಪುಸ್ತಕದಂಗಡಿಯವರು ಆ ಪೊಟ್ಟಣದ ಸಂಗಡ ಒಂದು ತೆಳ್ಳನೆಯ ಚಿತ್ರಕಥೆಯನ್ನೂ ಕೈಗಿಡಬಹುದು. ಹೊಸ ವಹಿಯ ಮೊದಲನೆಯ ಪುಟದಲ್ಲಿ, ಶ್ರೀಕಾರದ ಕೆಳಗೆ, ಆ ಮಗುವಿನ ಹೆಸರನ್ನು ಬರೆದುಕೊಳ್ಳುವಷ್ಟು ಸ್ಥಳವು ಇರುವದು.