ಮಹಾ ಆರ್ಥಿಕ ಕುಸಿತ: ಷೇರುಪೇಟೆ ಬಿದ್ದಿದ್ದಷ್ಟೇ ಕಾರಣವಲ್ಲ

'ಗ್ರೇಟ್ ಡಿಪ್ರೆಶನ್' ಯಾಕಾಯ್ತು ಅಂತ ಕೇಳಿದರೆ ಬರುವುದು ಒಂದೇ ಉತ್ತರ: 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆ ಬಿತ್ತು, ಜಗತ್ತು ಮುಳುಗಿತು. ನಾನು ಇದನ್ನು ಅರ್ಧಸತ್ಯ ಅಂತೀನಿ. 1987ರ ಅಕ್ಟೋಬರ್ 19ರಂದು ಅದೇ ಷೇರುಪೇಟೆ ಒಂದೇ ದಿನ ಶೇ. 22ಕ್ಕೂ ಹೆಚ್ಚು ಕುಸಿಯಿತು. 1929ರ ಯಾವ ದಿನವೂ ಅಷ್ಟು ಬಿದ್ದಿರಲಿಲ್ಲ. ಆದರೂ 1987ರಲ್ಲಿ ಮಹಾ ಕುಸಿತ ಬರಲಿಲ್ಲ. ಹಾಗಾದರೆ 1929ರ ನಂತರ ಆಗಿದ್ದೇನು?

ಮೊದಲೇ ಇದ್ದ ಬಿರುಕು

ಮೊದಲ ಮಹಾಯುದ್ಧದ ಕಾಲದಲ್ಲಿ ಗೋಧಿಗೆ ಒಳ್ಳೆ ಬೆಲೆ ಬಂತು ಅಂತ ಅಮೆರಿಕದ ರೈತರು ಸಾಲ ಮಾಡಿ ಜಮೀನು, ಟ್ರ್ಯಾಕ್ಟರ್ ಕೊಂಡರು. ಯುದ್ಧ ಮುಗಿದು ಬೆಲೆ ಬಿತ್ತು, ಸಾಲ ಉಳಿಯಿತು. 1920ರ ದಶಕದುದ್ದಕ್ಕೂ ಹಳ್ಳಿಗಳ ಸಣ್ಣ ಬ್ಯಾಂಕುಗಳು ಮುಚ್ಚುತ್ತಲೇ ಇದ್ದವು. ನಗರಗಳಲ್ಲಿ ಕಾರು, ರೇಡಿಯೊ ಕಂತಿನ ಮೇಲೆ ಮಾರಾಟವಾದರೆ, ಷೇರುಗಳನ್ನೂ ದಲ್ಲಾಳಿಗಳ ಬಳಿ ಸಾಲ ಮಾಡಿ ಕೊಳ್ಳುತ್ತಿದ್ದರು.

ಬ್ಯಾಂಕುಗಳನ್ನು ಮುಳುಗಲು ಬಿಟ್ಟರು

ನನ್ನ ಪ್ರಕಾರ ಅಸಲಿ ಕಥೆ ಶುರುವಾಗೋದು ಇಲ್ಲಿಂದ. 1930ರಿಂದ 1933ರೊಳಗೆ ಅಮೆರಿಕದಲ್ಲಿ ಸುಮಾರು 9,000 ಬ್ಯಾಂಕುಗಳು ಮುಚ್ಚಿದವು. ಠೇವಣಿಗೆ ರಾಷ್ಟ್ರಮಟ್ಟದ ವಿಮೆ ಇರಲಿಲ್ಲ. ಬ್ಯಾಂಕ್ ಮುಚ್ಚಿದರೆ ಉಳಿತಾಯಕ್ಕೆ ಗ್ಯಾರಂಟಿಯಿಲ್ಲ. ಒಂದು ಬ್ಯಾಂಕ್ ಬಿದ್ದ ಸುದ್ದಿ ಕೇಳಿ ಜನ ಇನ್ನೊಂದರ ಮುಂದೆ ಸಾಲುಗಟ್ಟಿದರು. ಇಂಥ ಹೊತ್ತಿಗೆಂದೇ 1913ರಲ್ಲಿ ಹುಟ್ಟಿದ್ದ ಕೇಂದ್ರೀಯ ಬ್ಯಾಂಕ್ ಫೆಡರಲ್ ರಿಸರ್ವ್ ಅವುಗಳನ್ನು ಉಳಿಸಲು ಸಾಕಷ್ಟು ಹಣ ಬಿಡಲಿಲ್ಲ. ದೇಶದ ಹಣದ ಪ್ರಮಾಣ ಸುಮಾರು ಮೂರನೇ ಒಂದು ಭಾಗ ಕುಗ್ಗಿತು. ಬೆಲೆ ಇಳಿಯಿತು, ಕೂಲಿ ಇಳಿಯಿತು, ಸಾಲದ ಮೊತ್ತ ಮಾತ್ರ ಇಳಿಯಲಿಲ್ಲ.

ಚಿನ್ನದ ಸಂಕೋಲೆ

ಆಗ ಪ್ರಮುಖ ದೇಶಗಳ ಕರೆನ್ಸಿಗಳೆಲ್ಲ ಚಿನ್ನಕ್ಕೆ ಕಟ್ಟಿಹಾಕಿದ್ದವು. ಹಾಗಾಗಿ ಒಂದು ದೇಶದ ಬಿಕ್ಕಟ್ಟು ಇನ್ನೊಂದಕ್ಕೆ ಹರಡಿತು. 1931ರ ಮೇನಲ್ಲಿ ವಿಯೆನ್ನಾದ ಕ್ರೆಡಿಟಾನ್‌ಸ್ಟಾಲ್ಟ್ ಬ್ಯಾಂಕ್ ಕುಸಿಯಿತು, ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಚಿನ್ನದ ನಂಟು ಬಿಟ್ಟಿತು. ತನ್ನ ಚಿನ್ನ ಹೊರಹೋಗದಿರಲಿ ಅಂತ ಫೆಡರಲ್ ರಿಸರ್ವ್ ಅಕ್ಟೋಬರ್‌ನಲ್ಲಿ ಬಡ್ಡಿಯನ್ನು ಶೇ. 1.5ರಿಂದ 3.5ಕ್ಕೆ ಏರಿಸಿತು. ಜನರ ಕೆಲಸ ಹೋಗುತ್ತಿದ್ದಾಗ ಬಡ್ಡಿ ಏರಿಕೆ! 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ.

1930ರ ಸ್ಮೂಟ್–ಹಾಲಿ ಸುಂಕ ಕಾಯ್ದೆಯನ್ನೂ ದೂರುವವರಿದ್ದಾರೆ. ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಬೇಡವೆಂದರೂ ಅಧ್ಯಕ್ಷ ಹೂವರ್ ಸಹಿ ಹಾಕಿದರು. ಅದು ಗಾಯದ ಮೇಲೆ ಬರೆ ಎಳೆಯಿತು ನಿಜ, ಆದರೆ ಮೂಲ ಗಾಯ ಅದಲ್ಲ.

ನಮ್ಮಲ್ಲಿ ಬೆಲೆ ತೆತ್ತವರು

ಬ್ರಿಟಿಷ್ ಸರ್ಕಾರ ರೂಪಾಯಿಯನ್ನು 18 ಪೆನ್ಸ್‌ಗೆ ಕಟ್ಟಿತ್ತು. ಬೆಳೆಯ ಬೆಲೆ ನೆಲ ಕಚ್ಚಿದರೂ ಕಂದಾಯ, ಸಾಲ ಕಟ್ಟಲೇಬೇಕಿತ್ತು. 1931ರಿಂದ ಭಾರತದ ಮನೆಗಳ ಚಿನ್ನ ದೊಡ್ಡ ಪ್ರಮಾಣದಲ್ಲಿ ಹಡಗು ಹತ್ತಿ ಹೊರಹೋಯಿತು. ಕಷ್ಟಕ್ಕೆ ಮಾರಿದ ಒಡವೆಗಳೂ ಅದರಲ್ಲಿದ್ದವು.

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಮಹಾ ಕುಸಿತ ಬರಗಾಲದಂತೆ ಆಕಾಶದಿಂದ ಇಳಿದಿದ್ದಲ್ಲ. 1933ರಲ್ಲಿ ರೂಸ್‌ವೆಲ್ಟ್ ಬ್ಯಾಂಕುಗಳಿಗೆ ಭದ್ರತೆ ಕೊಟ್ಟು, ಡಾಲರನ್ನು ಚಿನ್ನದ ಹಿಡಿತದಿಂದ ಬಿಡಿಸಿದ ಮೇಲೆ ಚೇತರಿಕೆ ಶುರುವಾಯಿತು. ಅಂದರೆ ಅದನ್ನು ಮೊದಲೂ ಮಾಡಬಹುದಿತ್ತು. ಮುಂದಿನ ಬಿಕ್ಕಟ್ಟಿನಲ್ಲಿ 'ಸ್ವಲ್ಪ ತಡ್ಕೊಳ್ಳಿ, ಮಾರುಕಟ್ಟೆ ತಾನಾಗೇ ಸರಿಹೋಗುತ್ತೆ' ಅಂತ ಯಾರಾದರೂ ಹೇಳಿದರೆ, ತಡ್ಕೋಬೇಕಾದವರು ಯಾರು ಅಂತ ಮೊದಲು ಕೇಳಿ.