ಗೆಲ್ಲುವವರಿಲ್ಲದ ದೋಣಿಯ ಹಬ್ಬ

ವಿಜಯನಗರದ ಇತಿಹಾಸವನ್ನು ಓದಿದವರಿಗೆ ನಿಕೊಲೊ ಕೊಂಟಿಯ ಹೆಸರು ಹೊಸದಲ್ಲ. 1420ರ ಸುಮಾರಿಗೆ ಆ ಪಟ್ಟಣವನ್ನು ಕಂಡುಹೋದ ವರ್ತಕನಾತ. ಅವನ ಊರು ಕಿಯೊಜ್ಜ. ವೆನಿಸ್ ನಗರವಿರುವ ಹಿನ್ನೀರಿನ ತೆಂಕಣ ತುದಿಯಲ್ಲಿದೆ. ನಡೆಯಲು ಕಲಿಯುವಾಗಲೇ ದೋಣಿ ಹತ್ತಲು ಕಲಿಯುವ ಆ ಸೀಮೆಯ ಜನರ ಒಂದು ಹಬ್ಬದ ಸಂಗತಿಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಅದರ ಹೆಸರು ‘ವೋಗಲೊಂಗ’. ಬಹುದೂರ ಹುಟ್ಟು ಹಾಕುವುದು ಎಂದು ಅರ್ಥ.

ಹಬ್ಬವೇನೋ ಈಚಿನದು. ಆದರೆ ಅದು ಏಕೆ ಹುಟ್ಟಿತೆಂಬುದನ್ನು ತಿಳಿಯಬೇಕಾದರೆ ಆ ಊರಿನ ತಳಹದಿಯನ್ನೇ ನೋಡಬೇಕು. ಕೆಸರಿನೊಳಕ್ಕೆ ಮರದ ಗೂಟಗಳನ್ನು ಒತ್ತೊತ್ತಾಗಿ ಇಳಿಸಿ, ಅವುಗಳ ಮೇಲೆ ಇಸ್ತ್ರಿಯಾ ಸೀಮೆಯ ಬಿಳಿಗಲ್ಲು ಹಾಸಿ, ಅದರ ಮೇಲೆ ಇಟ್ಟಿಗೆಯ ಗೋಡೆಗಳನ್ನು ಎಬ್ಬಿಸಿದ್ದಾರೆ. ಗಾಳಿ ಸೋಕದ ಕೆಸರಿನಲ್ಲಿ ಮರ ಶತಮಾನಗಟ್ಟಲೆ ಬಾಳುತ್ತದೆ. ಆ ಕಲ್ಲು ನೀರನ್ನು ಸುಲಭವಾಗಿ ಹೀರುವುದಿಲ್ಲ. ಹುಟ್ಟಿನ ದೋಣಿಗಳ ಕಾಲದಲ್ಲಿ ಇದು ಸಾಕಾಗಿತ್ತು. ಎರಡನೆಯ ಮಹಾಯುದ್ಧದ ತರುವಾಯ ಮೋಟಾರು ದೋಣಿಗಳು ಹೆಚ್ಚಿದವು. ಅವುಗಳ ಹಿಂದೆ ಏಳುವ ಅಲೆ ಗೋಡೆಗೆ ಬಡಿದು, ಹಿಂಜರಿಯುವಾಗ ಕಲ್ಲುಸಂದಿನ ಗಾರೆಯನ್ನೂ ಮಣ್ಣನ್ನೂ ಎಳೆದುಕೊಂಡು ಹೋಗುತ್ತದೆ. ಒಂದು ಅಲೆಯಿಂದ ಏನಾದೀತು? ಹಗಲಿಡೀ ಬಡಿಯುವ ಅಲೆಯಿಂದ ಆಗುತ್ತದೆ. 1966ರ ನವೆಂಬರ್ 4ರಂದು ಕಡಲು 194 ಸೆಂಟಿಮೀಟರ್ ಏರಿ ಊರನ್ನು ಮುಳುಗಿಸಿತು, ಲೋಕವೆಲ್ಲ ಮರುಗಿತು. ದಿನದಿನದ ಈ ಸಣ್ಣ ಅಲೆಗಳಿಗೆ ಮರುಗಿದವರು ಕಡಿಮೆ.

ಇನ್ನೊಂದು ನಷ್ಟವೂ ನಡೆದಿತ್ತು. ವೆನಿಸ್ಸಿನವರು ನಿಂತುಕೊಂಡು, ಮುಂದಕ್ಕೆ ಮುಖಮಾಡಿ ಹುಟ್ಟು ಹಾಕುತ್ತಾರೆ. ಆಳವಿಲ್ಲದ ಹಿನ್ನೀರು, ಇಕ್ಕಟ್ಟಾದ ಕಾಲುವೆ. ಕುಳಿತವನಿಗೆ ದಾರಿ ಕಾಣುವುದಿಲ್ಲ. ಹುಟ್ಟನ್ನು ಎಲ್ಲಿಯೂ ಕಟ್ಟಿರುವುದಿಲ್ಲ. ‘ಫೋರ್ಕೊಲ’ ಎಂಬ ಮರದ ಆನಿಕೆಯ ಮೇಲೆ ಅದು ಸುಮ್ಮನೆ ಒರಗಿರುತ್ತದೆ. ಆಕ್ರೋಟು ಮರದಲ್ಲಿ ಕಡೆದ ಆ ಆನಿಕೆಯಲ್ಲಿ ಹಲವು ಬಾಗುಗಳು: ಹೊರಡಲು ಒಂದು, ಸಾಗಲು ಒಂದು, ಹಿಂದೆ ಸರಿಯಲು, ತಿರುಗಲು, ನಿಲ್ಲಲು ಬೇರೆ ಬೇರೆ. ಸುಮಾರು 11 ಮೀಟರ್ ಉದ್ದದ ಗೊಂಡೋಲವಂತೂ ಒಂದು ಪಕ್ಕಕ್ಕೆ ವಕ್ರವಾಗಿಯೇ ಕಟ್ಟಿದ ದೋಣಿ. ಎಡಮಗ್ಗುಲು ಬಲಮಗ್ಗುಲಿಗಿಂತ 24 ಸೆಂಟಿಮೀಟರ್ ಅಗಲ. ಒಬ್ಬನೇ ಒಂದೇ ಬದಿಯಲ್ಲಿ ಹುಟ್ಟು ಹಾಕಿದರೂ ಅದು ನೇರವಾಗಿ ಹೋಗುವುದು ಈ ವಕ್ರತೆಯ ದೆಸೆಯಿಂದ! ಇಷ್ಟು ಜಾಣತನವೆಲ್ಲ ಪ್ರವಾಸಿಗರ ವಿನೋದಕ್ಕೆ ಮಾತ್ರ ಉಳಿಯುವ ಕಾಲ ಬಂದಿತ್ತು. ಜನರೂ ಊರು ಬಿಡುತ್ತಿದ್ದರು. 1951ರಲ್ಲಿ ಹಳೆಯ ನಗರದಲ್ಲಿ ಸುಮಾರು 1,75,000 ಮಂದಿಯಿದ್ದರು. ಇಂದು 50,000ಕ್ಕಿಂತ ಕಡಿಮೆ.

1974ರ ನವೆಂಬರಿನಲ್ಲಿ, ಸಂತ ಮಾರ್ಟಿನ್ನನ ಹಬ್ಬದ ದಿನ, ಕೆಲವು ಗೆಳೆಯರು ತಮ್ಮತಮ್ಮಲ್ಲೇ ದೋಣಿಪಂದ್ಯವಾಡಿದರು. ಆ ಕೂಟದಲ್ಲಿ ಮಾತು ಹುಟ್ಟಿತು: ಎಲ್ಲರೂ ಹುಟ್ಟು ಹಿಡಿದು ಒಟ್ಟಿಗೆ ಹೊರಟರೆ ಹೇಗೆ? ಊರಿಗೆ ಪಂದ್ಯಗಳ ಬರವಿರಲಿಲ್ಲ. ಸೆಪ್ಟೆಂಬರಿನ ದೊಡ್ಡ ಪಂದ್ಯದಲ್ಲಿ ಗೆದ್ದವರಿಗೆ ಬಾವುಟ; ನಾಲ್ಕನೆಯವರಿಗೆ ಬಹುಕಾಲ ಒಂದು ಜೀವಂತ ಹಂದಿಮರಿಯನ್ನೂ ಕೊಡುತ್ತಿದ್ದರು. ಆದರೆ ಪಂದ್ಯವೆಂದರೆ ಕೆಲವರು ಹುಟ್ಟು ಹಾಕುವುದು, ಮಿಕ್ಕವರು ದಡದಲ್ಲಿ ನಿಂತು ನೋಡುವುದು. ಅಲ್ಲದೆ ಊರಿನ ಹಗೆಯೇ ವೇಗವಾಗಿದ್ದಾಗ, ಅದನ್ನು ವಿರೋಧಿಸಲು ಮತ್ತೆ ವೇಗದ ಪಂದ್ಯವೇ? ಮೊದಲು ಬಂದವರಿಲ್ಲ, ಕೊನೆಗೆ ಬಂದವರಿಲ್ಲ ಎಂಬ ಏರ್ಪಾಟು ನನಗೆ ಬಹಳ ಸರಿಯೆನಿಸುತ್ತದೆ.

1975ರ ಮೇ 8ರಂದು ಮೊದಲ ಬಾರಿ ಸುಮಾರು 500 ದೋಣಿಗಳು ಹೊರಟವು. ಅಂದು ಕ್ರಿಸ್ತನ ಸ್ವರ್ಗಾರೋಹಣದ ದಿನ. ಗಣರಾಜ್ಯದ ಕಾಲದಲ್ಲಿ ಅದೇ ತಿಥಿಯಲ್ಲಿ ಅಲ್ಲಿಯ ಅಧಿಪತಿಯಾದ ದೋಜ್ ಚಿನ್ನದ ನೌಕೆಯೇರಿ, ಸಮುದ್ರಕ್ಕೆ ಉಂಗುರವೆಸೆದು ಅದನ್ನು ವರಿಸುತ್ತಿದ್ದ. 1797ರಲ್ಲಿ ನೆಪೋಲಿಯನ್ ಆ ರಾಜ್ಯವನ್ನು ಕೊನೆಗಾಣಿಸಿದ. ಮರುವರ್ಷ ಫ್ರೆಂಚರು ಆ ನೌಕೆಯನ್ನು ಒಡೆದು, ಚಿನ್ನಕ್ಕಾಗಿ ಸುಟ್ಟರು.

ಈಗ ಸಾವಿರಕ್ಕೂ ಮಿಕ್ಕಿ ದೋಣಿಗಳು ಸೇರುತ್ತವೆ, ಪರದೇಶದವರೂ ಬಹಳ. ಯಾವ ಬಗೆಯ ದೋಣಿಯಾದರೂ ಸರಿ, ತೋಳಿನ ಬಲದಿಂದ ನಡೆಯಬೇಕು. ಬೆಳಿಗ್ಗೆ ಸಂತ ಮಾರ್ಕನ ಚೌಕದೆದುರಿನ ನೀರಿನಲ್ಲಿ ಫಿರಂಗಿ ಹಾರುತ್ತದೆ. ವೆನಿಸ್ಸಿನ ದೋಣಿಗಾರರು ಹುಟ್ಟುಗಳನ್ನು ನೆಟ್ಟಗೆ ಮೇಲೆತ್ತಿ ವಂದಿಸುತ್ತಾರೆ. ತರಕಾರಿ ಬೆಳೆಯುವ ಸಾಂತೆರಾಸ್ಮೊ, ಕಸೂತಿಯ ಬುರಾನೊ, ಗಾಜಿನ ಮುರಾನೊ ದ್ವೀಪಗಳನ್ನು ಹಾದು, ಸುಮಾರು 30 ಕಿಲೋಮೀಟರ್ ಸುತ್ತಿ ಬರಬೇಕು. ಕನ್ನರೆಜೊ ಕಾಲುವೆಯ ಬಾಯಲ್ಲಿ ದೋಣಿಗೆ ದೋಣಿ ಸಿಕ್ಕಿಕೊಳ್ಳುತ್ತದೆ. ಸೇತುವೆಯ ಮೇಲಿನವರು ಕೂಗಿ ಹುರಿದುಂಬಿಸುತ್ತಾರೆ. ಅಲ್ಲಿಂದ ಹೆಗ್ಗಾಲುವೆಗೆ ಇಳಿದು ಬಂದವರಿಗೆಲ್ಲ ಒಂದೇ ಬಗೆಯ ಪದಕ, ಒಂದೇ ಬಗೆಯ ಪತ್ರ.

ಅಷ್ಟು ಹೊತ್ತೂ ಆ ದಾರಿಯಲ್ಲಿ ಮೋಟಾರುಗಳಿಗೆ ತಡೆ. ಹೆಗ್ಗಾಲುವೆಯಲ್ಲಿ ಹುಟ್ಟು ನೀರಿಗಿಳಿಯುವ ಸದ್ದು ಕೇಳುತ್ತದೆ. ಮಧ್ಯಾಹ್ನ ಕಳೆದ ಮೇಲೆ ತಡೆ ತೆಗೆಯುತ್ತಾರೆ.